ಗ್ಯಾಲರಿಯ ಮೂಲೆಯಲ್ಲೊಂದು ಕಾರ್ಯಾಗಾರ: ಮಿಕ್ಸರ್, ಫ್ಯಾನ್, ಇಸ್ತ್ರಿ ಪೆಟ್ಟಿಗೆಗಳ ದುರಸ್ತಿ

ತೆಂಗಿನಕಾಯಿ ಅರೆಯುತ್ತಿದ್ದ ಮಿಕ್ಸರ್ ನಡುವೆಯೇ ನಿಂತುಬಿಟ್ಟರೆ ನಮ್ಮಲ್ಲಿ ಹೆಚ್ಚಿನವರು ಎರಡರಲ್ಲಿ ಒಂದನ್ನು ಮಾಡುತ್ತಾರೆ. ಒಂದೋ ಅದನ್ನು ಚೀಲದಲ್ಲಿ ಹಾಕಿಕೊಂಡು ಸ್ಟೇಷನ್ ಹತ್ತಿರದ ಅಂಗಡಿಗೆ ಹೋಗುತ್ತಾರೆ, ಇಲ್ಲವೇ ಕೈಗೆ ಸಿಕ್ಕಿದ ಸ್ಕ್ರೂಡ್ರೈವರ್ ತೆಗೆದುಕೊಂಡು ತಳದ ತಿರುಪುಗಳನ್ನೆಲ್ಲ ಬಿಚ್ಚಲು ಕೂರುತ್ತಾರೆ. ಈ ಎರಡಕ್ಕೂ ಮೊದಲು ಮಾಡಬೇಕಾದ ಕೆಲಸವೊಂದಿದೆ: ದೋಷ ಯಾವ ಭಾಗದಲ್ಲಿದೆ ಎಂದು ಹೊರಗಿನಿಂದಲೇ ತಿಳಿದುಕೊಳ್ಳುವುದು. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಗ್ಯಾಲರಿಯಲ್ಲಿ (ಬಾಲ್ಕನಿಯಲ್ಲಿ) ಹಲವು ವರ್ಷಗಳಿಂದ ಮನೆಯ ಮತ್ತು ನೆರೆಹೊರೆಯವರ ಸಾಮಾನುಗಳನ್ನು ದುರಸ್ತಿ ಮಾಡುತ್ತ ಬಂದಿರುವ ನನಗೆ, ಬಿಚ್ಚುವ ಕೈಗಿಂತ ನೋಡುವ ಕಣ್ಣು, ಕೇಳುವ ಕಿವಿ ಮತ್ತು ವಾಸನೆ ಹಿಡಿಯುವ ಮೂಗು ಹೆಚ್ಚು ಕೆಲಸ ಮಾಡುತ್ತವೆ ಎಂಬುದು ಖಚಿತವಾಗಿದೆ. ಈ ಮಾರ್ಗದರ್ಶಿಯಲ್ಲಿ ಪ್ರತಿಯೊಂದು ವಸ್ತುವಿಗೂ ಮೊದಲು ದೋಷವನ್ನು ಗುರುತಿಸುವ ಕ್ರಮವನ್ನೂ ಆಮೇಲೆ ದುರಸ್ತಿಯ ಕ್ರಮವನ್ನೂ ಹೇಳಿದ್ದೇನೆ.

ಜಾಗ ಮತ್ತು ಸಲಕರಣೆ

ಮುಂಬಯಿಯ ಮನೆಯಲ್ಲಿ ಕಾರ್ಯಾಗಾರಕ್ಕೆಂದು ಕೋಣೆ ಸಿಗುವುದಿಲ್ಲ; ಅದರ ಅಗತ್ಯವೂ ಇಲ್ಲ. ಎರಡು ಅಡಿ ಅಗಲದ ಗಟ್ಟಿ ಹಲಗೆ, ಅದರ ಮೇಲೆ ಹಾಸಲು ಹಳೆಯ ಬಿಳಿ ಪಂಚೆಯ ತುಂಡು ಮತ್ತು ಒಳ್ಳೆಯ ಬೆಳಕು ಇದ್ದರೆ ಸಾಕು. ಬಟ್ಟೆ ಬಿಳಿಯದೇ ಆಗಿರಬೇಕು, ಏಕೆಂದರೆ ಕೈಜಾರಿ ಬಿದ್ದ ಸಣ್ಣ ಸ್ಪ್ರಿಂಗ್ ಅಥವಾ ವಾಷರ್ ಅದರ ಮೇಲೆ ಎದ್ದು ಕಾಣುತ್ತದೆ, ಉರುಳಿಕೊಂಡೂ ಹೋಗುವುದಿಲ್ಲ.

ಸಲಕರಣೆಗಳಲ್ಲಿ ಮೊದಲು ಬೇಕಾದವು ಎರಡು ಅಳತೆಯ ಚಪ್ಪಟೆ ಸ್ಕ್ರೂಡ್ರೈವರ್, ಎರಡು ಅಳತೆಯ ನಕ್ಷತ್ರ ತುದಿಯ ಸ್ಕ್ರೂಡ್ರೈವರ್, ಇಲ್ಲಿ ಎಲ್ಲರೂ ಪಕ್ಕಡ್ ಎನ್ನುವ ಇಕ್ಕಳ, ಚೂಪು ಮೂತಿಯ ಇನ್ನೊಂದು ಇಕ್ಕಳ, ತಂತಿ ಸುಲಿಯುವ ಕಟರ್, ಒಂದು ಹೊಂದಾಣಿಕೆಯ ಪಾನಾ (ಸ್ಪ್ಯಾನರ್), ಟೆಸ್ಟರ್ ಮತ್ತು ಡಿಜಿಟಲ್ ಮಲ್ಟಿಮೀಟರ್. ಮಲ್ಟಿಮೀಟರ್ ಕೊಳ್ಳುವಾಗ ಕೆಪಾಸಿಟರ್, ಅಂದರೆ ಫ್ಯಾನಿಗೆ ತಿರುಗಲು ಬಲ ಕೊಡುವ ಸಣ್ಣ ಬಿಡಿಭಾಗವನ್ನು ಅಳೆಯುವ ಸೌಲಭ್ಯವಿರುವುದನ್ನೇ ಆರಿಸಿಕೊಳ್ಳಿ. ಫ್ಯಾನ್ ದುರಸ್ತಿಗೆ ಅದಿಲ್ಲದೆ ಊಹೆಯ ಮೇಲೆಯೇ ನಡೆಯಬೇಕಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಮತ್ತು ವರ್ಷವಿಡೀ ಇರುವ ಕಡಲ ತೀರದ ತೇವ, ಇವು ಈ ಊರಿನಲ್ಲಿ ಸಲಕರಣೆಗಳ ದೊಡ್ಡ ಶತ್ರುಗಳು. ಕೆಲಸ ಮುಗಿದ ಮೇಲೆ ಕಬ್ಬಿಣದ ಭಾಗಗಳಿಗೆ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಬೇಕು. ಕರಾವಳಿಯ ನಮ್ಮ ಮನೆಗಳಲ್ಲಿ ಕಿರುಗುಡುವ ಎಲ್ಲದಕ್ಕೂ ತೆಂಗಿನ ಎಣ್ಣೆ ಬಿಡುವ ರೂಢಿಯಿದೆ. ದಯವಿಟ್ಟು ಯಂತ್ರಗಳಿಗೆ ಅದನ್ನು ಬಿಡಬೇಡಿ. ಕೆಲವು ತಿಂಗಳಲ್ಲಿ ಅದು ಅಂಟಾಗಿ ಧೂಳನ್ನು ಹಿಡಿದುಕೊಳ್ಳುತ್ತದೆ ಮತ್ತು ಶಾಫ್ಟನ್ನು (ತಿರುಗುವ ಕಂಬಿಯನ್ನು) ಹಿಡಿದಿಡುವ ಲೋಹದ ಬಳೆಯಾದ ಬುಷ್‌ನೊಳಗೆ ಹೋದರೆ ಶಾಫ್ಟ್ ತಿರುಗುವುದನ್ನೇ ತಡೆಯುತ್ತದೆ.

ಕರೆಂಟಿನ ವಿಷಯದಲ್ಲಿ

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಇದರೊಡನೆ ಆತುರ ಸಲ್ಲದು. ಮನೆಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನಾಗಿ ಬೀಳುವ ಸುರಕ್ಷಾ ಸ್ವಿಚ್, ಇದೆಯೇ ಎಂದು ಮೊದಲು ನೋಡಿ, ಇದ್ದರೆ ಅದರ ಟೆಸ್ಟ್ ಗುಂಡಿಯನ್ನು ಒತ್ತಿ ಅದು ಬೀಳುತ್ತದೆಯೇ ಎಂದು ಪರೀಕ್ಷಿಸಿ. ಇಲ್ಲದಿದ್ದರೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಹಾಕಿಸಿಕೊಂಡ ಮೇಲೆಯೇ ದುರಸ್ತಿಗೆ ಕೈ ಹಾಕುವುದು ಒಳ್ಳೆಯದು. ಪ್ಲಗ್ ಇರುವ ಯಾವುದೇ ವಸ್ತುವನ್ನು ಬಿಚ್ಚುವಾಗ ಪ್ಲಗ್ ಸಾಕೆಟ್ಟಿನ ಹೊರಗೆ, ಕಣ್ಣಿಗೆ ಕಾಣುವಂತೆ ಹಲಗೆಯ ಮೇಲೆಯೇ ಇರಬೇಕು. ಸ್ವಿಚ್ ಆರಿಸಿದ್ದೇನೆ ಎಂಬ ನೆನಪನ್ನು ನಂಬಬಾರದು.

ಇನ್ನೊಂದು ಸಾಧನವನ್ನು ನೀವೇ ಮಾಡಿಕೊಳ್ಳಬಹುದು, ಅದೇ ಸೀರೀಸ್ ಬಲ್ಬಿನ ಬೋರ್ಡು. ಒಂದು ಮರದ ಅಥವಾ ಪ್ಲಾಸ್ಟಿಕ್ಕಿನ ಪೆಟ್ಟಿಗೆಯ ಮೇಲೆ ಸ್ವಿಚ್, ಬಲ್ಬಿನ ಹೋಲ್ಡರ್ ಮತ್ತು ಮೂರು ಕಿಂಡಿಗಳ ಸಾಕೆಟ್ ಕೂರಿಸಿಕೊಳ್ಳಿ. ಪ್ಲಗ್ಗಿನಿಂದ ಬರುವ ಫೇಸ್ ತಂತಿಯನ್ನು ಸ್ವಿಚ್ಚಿಗೆ, ಅಲ್ಲಿಂದ ಹೋಲ್ಡರಿನ ಒಂದು ತುದಿಗೆ, ಹೋಲ್ಡರಿನ ಇನ್ನೊಂದು ತುದಿಯಿಂದ ಸಾಕೆಟ್ಟಿನ ಫೇಸ್ ಕಿಂಡಿಗೆ ಕೊಡಬೇಕು. ಅರ್ತ್ ಕಿಂಡಿ ಮೇಲಿರುವಂತೆ ಎದುರಿನಿಂದ ನೋಡಿದರೆ ಫೇಸ್ ಕಿಂಡಿ ಬಲಗಡೆಯದು. ನ್ಯೂಟ್ರಲ್ ಮತ್ತು ಅರ್ತ್ ತಂತಿಗಳು ಪ್ಲಗ್ಗಿನಿಂದ ನೇರವಾಗಿ ಸಾಕೆಟ್ಟಿಗೆ ಹೋಗುತ್ತವೆ. ಹೋಲ್ಡರಿಗೆ 100 ವಾಟ್‌ನ ಹಳೆಯ ಮಾದರಿಯ ತಂತಿ ಬಲ್ಬನ್ನೇ ಹಾಕಬೇಕು, ಎಲ್‌ಇಡಿ ಬಲ್ಬು ಇಲ್ಲಿ ನಡೆಯುವುದಿಲ್ಲ.

ದುರಸ್ತಿಯಾದ ವಸ್ತುವನ್ನು ಮೊದಲ ಸಲ ಈ ಬೋರ್ಡಿನ ಮೂಲಕವೇ ಚಾಲೂ ಮಾಡಬೇಕು. ಒಳಗೆ ಎಲ್ಲಾದರೂ ಶಾರ್ಟ್ ಉಳಿದಿದ್ದರೆ ಬಲ್ಬು ಪೂರ್ಣ ಪ್ರಕಾಶದಿಂದ ಉರಿಯುತ್ತದೆ, ಅಷ್ಟೇ. ಕಿಡಿ ಹಾರುವುದಿಲ್ಲ, ಫ್ಯೂಸ್ ಹೋಗುವುದಿಲ್ಲ. ಫ್ಯಾನನ್ನು ಹಚ್ಚಿದರೆ ಬಲ್ಬು ಮಂದವಾಗಿ ಉರಿಯುತ್ತದೆ. ಇಸ್ತ್ರಿ ಪೆಟ್ಟಿಗೆ ಹಚ್ಚಿದಾಗ ಮಾತ್ರ ಬಲ್ಬು ಪೂರ್ಣ ಪ್ರಕಾಶಕ್ಕಿಂತ ತುಸುವೇ ಕಡಿಮೆ ಉರಿಯುವುದರಿಂದ, ಅಲ್ಲಿ ಈ ಪರೀಕ್ಷೆಯನ್ನೊಂದೇ ನಂಬದೆ ಮಲ್ಟಿಮೀಟರಿನಿಂದಲೂ ಅಳೆಯಬೇಕು.

ಮಿಕ್ಸರ್

ಮಸಾಲೆ, ಹಿಟ್ಟು, ಚಟ್ನಿ ಎಂದು ನಮ್ಮ ಅಡುಗೆಮನೆಗಳಲ್ಲಿ ಅತಿ ಹೆಚ್ಚು ದುಡಿಯುವುದೂ ಅತಿ ಹೆಚ್ಚು ಕೆಡುವುದೂ ಮಿಕ್ಸರ್ ಆದುದರಿಂದ ಇದನ್ನು ವಿಸ್ತಾರವಾಗಿ ಹೇಳುತ್ತೇನೆ. ಅದು ಹೇಗೆ ನಿಂತಿತು ಎಂಬುದರಲ್ಲೇ ದೋಷದ ಸುಳಿವಿರುತ್ತದೆ.

ಮೋಟರ್ ಸದ್ದು ಮಾಡುತ್ತದೆ, ಆದರೆ ಜಾರಿನೊಳಗಿನ ಬ್ಲೇಡ್ ತಿರುಗುವುದಿಲ್ಲ ಎಂದಾದರೆ ಕಪ್ಲರಿನ ಹಲ್ಲುಗಳು ಸವೆದಿವೆ. ಮೋಟರಿನ ಮೇಲಿರುವ ಈ ಪ್ಲಾಸ್ಟಿಕ್ ಅಥವಾ ರಬ್ಬರಿನ ಭಾಗ, ಬ್ಲೇಡ್ ಸಿಕ್ಕಿಹಾಕಿಕೊಂಡಾಗ ತಾನು ಮುರಿದು ಮೋಟರನ್ನು ಉಳಿಸುತ್ತದೆ. ಹಾಗಾಗಿ ಲೋಹದ ಕಪ್ಲರ್ ಹಾಕಿಸಿದರೆ ಬಾಳಿಕೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಂಪನಿ ಯಾವ ಬಗೆಯದನ್ನು ಕೊಟ್ಟಿದೆಯೋ ಅದನ್ನೇ ಹಾಕಿ.

ಏನೂ ಸದ್ದಿಲ್ಲದಿದ್ದರೆ ಮೊದಲು ಅದೇ ಸಾಕೆಟ್ಟಿಗೆ ಬೇರೆ ವಸ್ತುವನ್ನು ಹಚ್ಚಿ ನೋಡಿ. ಆಮೇಲೆ ಮಿಕ್ಸರನ್ನು ಹದಿನೈದು ನಿಮಿಷ ತಣ್ಣಗಾಗಲು ಬಿಟ್ಟು, ತಳದಲ್ಲಿರುವ ಓವರ್‌ಲೋಡ್ ಗುಂಡಿಯನ್ನು, ಸಾಮಾನ್ಯವಾಗಿ ಅದು ಕೆಂಪು ಬಣ್ಣದ್ದು, ಒತ್ತಿ. ನನ್ನ ಬಳಿಗೆ ಬಂದ ಸತ್ತುಹೋದ ಮಿಕ್ಸರುಗಳಲ್ಲಿ ಎಷ್ಟೋ ಇಲ್ಲಿಗೇ ಜೀವ ಪಡೆದಿವೆ. ಗುಂಡಿ ಪದೇ ಪದೇ ಹಾರುತ್ತಿದ್ದರೆ ಹಿಟ್ಟು ಅತಿ ಗಟ್ಟಿಯಾಗಿದೆ ಅಥವಾ ಜಾರಿನ ಬುಷ್ ಬಿಗಿಯಾಗಿದೆ ಎಂದರ್ಥ. ಎಷ್ಟು ಹೊತ್ತು ಓಡಿಸಬೇಕು, ಎಷ್ಟು ಹೊತ್ತು ನಿಲ್ಲಿಸಬೇಕು ಎಂದು ತಳದ ಲೇಬಲ್ಲಿನಲ್ಲೇ ಬರೆದಿರುತ್ತದೆ, ಅದನ್ನು ಓದುವವರು ಕಡಿಮೆ.

ಗುಂಡಿಯಿಂದ ಪ್ರಯೋಜನವಾಗದಿದ್ದರೆ ಮಲ್ಟಿಮೀಟರನ್ನು ಓಮ್ ಅಳತೆಗೆ ತಿರುಗಿಸಿ, ಹೊರತೆಗೆದಿಟ್ಟ ಪ್ಲಗ್ಗಿನ ಎರಡು ಸಣ್ಣ ಪಿನ್ನುಗಳಿಗೆ ತಾಗಿಸಿ, ಮಿಕ್ಸರಿನ ನಾಬನ್ನು ಒಂದಕ್ಕೆ ತನ್ನಿ. ಕೆಲವು ಹತ್ತು ಓಮ್‌ಗಳ ಆಸುಪಾಸಿನ ಸಂಖ್ಯೆ ಕಂಡರೆ ದಾರಿ ಸರಿಯಿದೆ. ಏನೂ ಕಾಣದಿದ್ದರೆ ಎಲ್ಲೋ ತುಂಡಾಗಿದೆ. ಆಗ ಕೇಬಲನ್ನು ಅದು ಮಿಕ್ಸರಿನೊಳಗೆ ಹೋಗುವ ಜಾಗದಲ್ಲಿ ಹಿಡಿದು ಮೆಲ್ಲಗೆ ಬಾಗಿಸಿ. ಸಂಖ್ಯೆ ಬಂದು ಹೋಗುತ್ತಿದ್ದರೆ ತಂತಿ ಅಲ್ಲೇ ಒಳಗೆ ಮುರಿದಿದೆ. ಕೇಬಲ್ ಬಾಗಿಸಿದಾಗ ಬದಲಾಗದೆ, ಕಪ್ಲರನ್ನು ಬೆರಳಿನಿಂದ ತಿರುಗಿಸಿದಾಗ ಸಂಖ್ಯೆ ಕುಣಿದರೆ ದೋಷ ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ಷಿನಲ್ಲಿದೆ. ಒಂದು ತಿರುಪನ್ನೂ ಬಿಚ್ಚದೆ ಇಷ್ಟು ತಿಳಿಯಬಹುದು.

ನಮ್ಮ ಮನೆಯ ಮಿಕ್ಸರ್ ಒಮ್ಮೆ ಹೀಗೆಯೇ ನಿಂತಾಗ ಒಂದು ದುರಸ್ತಿ ಅಂಗಡಿಯಲ್ಲಿ ಮೋಟರ್ ಸುಟ್ಟಿದೆ, ಹೊಸದನ್ನೇ ಕೊಳ್ಳಿ ಎಂದಿದ್ದರು. ಸುಟ್ಟ ಮೋಟರಿಗೆ ವಾರ್ನಿಷ್ ಕರಕಲಾದ ಘಾಟು ವಾಸನೆ ಇರುತ್ತದೆ, ನಮ್ಮದಕ್ಕೆ ಅದಿರಲಿಲ್ಲ. ಮನೆಗೆ ತಂದು ಬಿಚ್ಚಿ ನೋಡಿದರೆ ಒಂದು ಬದಿಯ ಬ್ರಷ್ ತೊಗರಿಬೇಳೆಯಷ್ಟು ಚಿಕ್ಕದಾಗಿತ್ತು, ಅದರ ಹಿಂದಿನ ಸ್ಪ್ರಿಂಗಿಗೆ ಒತ್ತಲು ಏನೂ ಉಳಿದಿರಲಿಲ್ಲ. ಎರಡು ಹೊಸ ಬ್ರಷ್ ಹಾಕಿದ ಮೇಲೆ ಆ ಮಿಕ್ಸರ್ ಮತ್ತೆ ವರ್ಷಗಟ್ಟಲೆ ನಡೆಯಿತು.

ಬ್ರಷ್ ಬದಲಿಸುವ ಕ್ರಮ ಹೀಗಿದೆ. ಮಿಕ್ಸರನ್ನು ಬಟ್ಟೆಯ ಮೇಲೆ ತಲೆಕೆಳಗಾಗಿಸಿ ತಳದ ತಿರುಪುಗಳನ್ನು ಬಿಚ್ಚಿ. ತಿರುಪು ಕಾಣದಿದ್ದರೆ ರಬ್ಬರಿನ ಕಾಲುಗಳ ಕೆಳಗೆ ನೋಡಿ. ತಳ ತೆಗೆದ ಕೂಡಲೇ, ಯಾವುದನ್ನೂ ಮುಟ್ಟುವ ಮೊದಲು, ತಂತಿಗಳ ಬಣ್ಣ ಮತ್ತು ಜಾಗ ಸ್ಪಷ್ಟವಾಗಿ ಕಾಣುವಂತೆ ಮೊಬೈಲಿನಲ್ಲಿ ಎರಡು ಕೋನಗಳಿಂದ ಫೋಟೋ ತೆಗೆಯಿರಿ. ಮೋಟರಿನ ಒಂದು ತುದಿಯಲ್ಲಿ ತಾಮ್ರದ ಸಣ್ಣ ಪಟ್ಟಿಗಳನ್ನು ಸುತ್ತ ಜೋಡಿಸಿದ ಉರುಟಾದ ಭಾಗವೇ ಕಮ್ಯುಟೇಟರ್. ಅದರ ಎದುರುಬದುರಾಗಿ ಎರಡು ಹಿತ್ತಾಳೆಯ ಗೂಡುಗಳಲ್ಲಿ ಬ್ರಷ್ಷುಗಳಿರುತ್ತವೆ. ಗೂಡಿನ ಹಿಂದಿನ ತಗಡಿನ ನಾಲಗೆಯನ್ನು ಚೂಪು ಇಕ್ಕಳದಿಂದ ಮೇಲೆತ್ತುವಾಗ ಇನ್ನೊಂದು ಬೆರಳನ್ನು ಅಡ್ಡ ಹಿಡಿಯಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಗ್ಯಾಲರಿಯ ಆಚೆಗೆ ಹಾರುತ್ತದೆ.

ಹೊರಬಂದ ಬ್ರಷ್ಷಿನ ತುದಿಯನ್ನು ಬೆಳಕಿಗೆ ಹಿಡಿಯಿರಿ. ಅದು ಕಮ್ಯುಟೇಟರಿನ ಉರುಟಿಗೆ ಹೊಂದುವಂತೆ ಒಳಬಾಗಿ, ಕನ್ನಡಿಯಂತೆ ನುಣುಪಾಗಿದ್ದರೆ ಅದು ಸರಿಯಾಗಿ ಸವೆದಿದೆ, ಉದ್ದ ಸಾಕಷ್ಟಿದ್ದರೆ ಅದೇ ಬದಿಗೆ, ಅದೇ ದಿಕ್ಕಿನಲ್ಲಿ ಮರಳಿ ಹಾಕಬಹುದು. ಅಂಚು ಒಡೆದಿದ್ದರೆ ಅಥವಾ ಮೇಲ್ಮೈಯಲ್ಲಿ ಗೀರುಗಳಿದ್ದರೆ ಕಮ್ಯುಟೇಟರಿನ ಪಟ್ಟಿಯೊಂದು ಎದ್ದಿರಬಹುದು. ಬೆರಳಿನ ಉಗುರನ್ನು ಅದರ ಮೇಲೆ ಸುತ್ತಲೂ ಎಳೆದರೆ ಎದ್ದ ಪಟ್ಟಿ ತಡೆಯುತ್ತದೆ. ಹಾಗಿದ್ದರೆ ಮೋಟರಿನ ತಿರುಗುವ ಭಾಗವಾದ ಆರ್ಮೇಚರನ್ನೇ ಬದಲಿಸಬೇಕು, ಬ್ರಷ್ ಮಾತ್ರ ಹಾಕಿ ಪ್ರಯೋಜನವಿಲ್ಲ. ಕಮ್ಯುಟೇಟರ್ ಬರೇ ಕಪ್ಪಾಗಿದ್ದರೆ 400 ನಂಬರಿನ ಅಥವಾ ಅದಕ್ಕಿಂತ ನುಣುಪಾದ ಮರಳು ಕಾಗದದ ಪಟ್ಟಿಯನ್ನು ಒತ್ತಿ ಹಿಡಿದು ಶಾಫ್ಟನ್ನು ಕೈಯಿಂದ ತಿರುಗಿಸುತ್ತ ತಾಮ್ರದ ಬಣ್ಣ ಬರಿಸಿ. ಕಬ್ಬಿಣ ಉಜ್ಜುವ ಎಮರಿ ಬಟ್ಟೆಯನ್ನು ಇಲ್ಲಿ ಬಳಸಬಾರದು, ಏಕೆಂದರೆ ಅದರ ಪುಡಿ ಪಟ್ಟಿಗಳ ನಡುವಿನ ಸಂದಿಯಲ್ಲಿ ಕೂತು ಕರೆಂಟ್ ಹರಿಯಗೊಡುತ್ತದೆ. ಆ ಸಂದಿಗಳನ್ನು ಕೊನೆಗೆ ಹಲ್ಲುಕಡ್ಡಿಯಿಂದ ಒಂದೊಂದಾಗಿ ಕೆರೆದು ಒಣ ಬ್ರಷ್ಷಿನಿಂದ ಗುಡಿಸಿ.

ಹೊಸ ಬ್ರಷ್ಷುಗಳನ್ನು ಯಾವಾಗಲೂ ಜೋಡಿಯಾಗಿಯೇ ಹಾಕಬೇಕು. ಅವು ಗೂಡಿನಲ್ಲಿ ಸಲೀಸಾಗಿ ಜಾರಬೇಕು, ಆದರೆ ಅಲುಗಾಡಬಾರದು. ತಳ ಮುಚ್ಚಿ, ಸೀರೀಸ್ ಬೋರ್ಡಿನಲ್ಲಿ ಪರೀಕ್ಷಿಸಿ, ಆಮೇಲೆ ಜಾರಿಲ್ಲದೆ ಒಂದನೆಯ ವೇಗದಲ್ಲಿ ಎರಡು ನಿಮಿಷ ಓಡಿಸಿ. ಮೊದಲು ಸ್ವಲ್ಪ ಹೆಚ್ಚು ಕಿಡಿ ಕಾಣುತ್ತದೆ, ಬ್ರಷ್ಷಿನ ತುದಿ ಉರುಟಿಗೆ ಹೊಂದಿಕೊಂಡಂತೆ ಅದು ಸಣ್ಣ ನೀಲಿ ಕಿಡಿಗಿಳಿಯುತ್ತದೆ.

ಕಪ್ಲರ್ ಬಿಚ್ಚುವಾಗ ಹಲವರು ತಪ್ಪು ದಿಕ್ಕಿಗೆ ತಿರುಗಿಸಿ ಶಾಫ್ಟಿನ ತಿರುಪುಗೆರೆಗಳನ್ನೇ ಕೆಡಿಸುತ್ತಾರೆ. ಮೋಟರ್ ತಿರುಗಿದಷ್ಟೂ ಬಿಗಿಯಾಗುವಂತೆ ಅದನ್ನು ಕೂರಿಸಿರುವುದರಿಂದ, ಬಿಚ್ಚಲು ಅದನ್ನು ಮೋಟರ್ ತಿರುಗುವ ದಿಕ್ಕಿಗೇ ತಿರುಗಿಸಬೇಕು. ಜಾರಿಲ್ಲದೆ ಒಂದು ಕ್ಷಣ ಚಾಲೂ ಮಾಡಿ ಆ ದಿಕ್ಕನ್ನು ನೋಡಿಕೊಳ್ಳಿ, ಪ್ಲಗ್ ತೆಗೆಯಿರಿ, ತಳ ಬಿಚ್ಚಿ ಶಾಫ್ಟಿನ ಕೆಳತುದಿಯ ಸೀಳಿನಲ್ಲಿ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ಹಿಡಿದು, ಮೇಲಿನಿಂದ ಇಕ್ಕಳದಲ್ಲಿ ಕಪ್ಲರ್ ತಿರುಗಿಸಿ.

ಜಾರಿನ ತಳದಿಂದ ಕಪ್ಪು ನೀರು ಇಳಿಯುತ್ತಿದ್ದರೆ ಅದನ್ನು ಒರೆಸಿ ಒರೆಸಿ ದಿನ ದೂಡಬಾರದು. ಬುಷ್ ಮತ್ತು ಸೀಲ್ ಸವೆದು ಬರುವ ಆ ನೀರು ಮೊದಲು ಕಪ್ಲರಿಗೆ, ಅಲ್ಲಿಂದ ಮೋಟರಿನ ಬೇರಿಂಗಿಗೆ ಇಳಿಯುತ್ತದೆ. ಮೋಟರುಗಳು ನಿಜವಾಗಿ ಸುಡುವುದಕ್ಕೆ ನಾನು ಕಂಡ ದೊಡ್ಡ ಕಾರಣ ಇದೇ. ಬುಷ್ ಬದಲಿಸಲು ಪ್ರೆಸ್ ಬೇಕಾಗುವುದರಿಂದ ಜಾರನ್ನು ಮಾತ್ರ ಅಂಗಡಿಗೆ ಕೊಡುವುದು ಲೇಸು.

ಸೀಲಿಂಗ್ ಫ್ಯಾನ್

ಫ್ಯಾನ್ ವರ್ಷದಿಂದ ವರ್ಷಕ್ಕೆ ನಿಧಾನವಾಗುತ್ತ ಬಂದಿದ್ದರೆ, ಅಥವಾ ಗುಂಯ್ ಎಂದು ಸದ್ದು ಮಾಡುತ್ತ ತಿರುಗದೆ ನಿಂತಿದ್ದರೆ, ನೂರಕ್ಕೆ ತೊಂಬತ್ತು ಪಾಲು ಅದು ಕಂಡೆನ್ಸರ್ ಎಂದು ಕರೆಯುವ ಕೆಪಾಸಿಟರಿನ ದೋಷ. ನಿಂತ ಫ್ಯಾನಿನ ರೆಕ್ಕೆಯನ್ನು ಉದ್ದನೆಯ ಒಣ ಮರದ ಕೋಲಿನಿಂದ ಮೆಲ್ಲಗೆ ತಳ್ಳಿ. ತಳ್ಳಿದ ದಿಕ್ಕಿಗೇ ತಿರುಗಲು ತೊಡಗಿದರೆ ಸಂಶಯ ಬೇಡ. ತಳ್ಳಿದರೂ ಗರಗರ ಎಂದು ಉಜ್ಜುವ ಸದ್ದು ಬಂದರೆ ಬೇರಿಂಗ್ ಹೋಗಿದೆ, ಅದಕ್ಕೆ ಫ್ಯಾನನ್ನು ಇಳಿಸಿ ಪೂರ್ತಿ ಬಿಚ್ಚಬೇಕಾಗುತ್ತದೆ.

ಕೆಪಾಸಿಟರ್ ಬದಲಿಸಲು ಮೊದಲು ಗೋಡೆಯ ಸ್ವಿಚ್ ಮಾತ್ರವಲ್ಲ, ಮನೆಯ ಬೋರ್ಡಿನಲ್ಲಿ ಆ ಸಾಲಿನ ಕರೆಂಟನ್ನೇ ಕಡಿಯುವ ಎಂಸಿಬಿ ಸ್ವಿಚ್ಚನ್ನೂ ಇಳಿಸಬೇಕು. ಹಳೆಯ ಕಟ್ಟಡಗಳಲ್ಲಿ ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲ್ ತಂತಿಗೆ ಹಾಕಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. ಅಂಥಲ್ಲಿ ಸ್ವಿಚ್ ಆರಿಸಿದರೂ ಫ್ಯಾನಿನೊಳಗೆ ಕರೆಂಟ್ ಇದ್ದೇ ಇರುತ್ತದೆ. ಗಟ್ಟಿಯಾದ ಏಣಿ ಹತ್ತಿ, ಕೆಳಗೊಬ್ಬರು ಅದನ್ನು ಹಿಡಿದಿರುವಂತೆ ನೋಡಿಕೊಂಡು, ಬಟ್ಟಲಿನಂಥ ಮುಚ್ಚಳವನ್ನು ಸಡಿಲಿಸಿ ಟೆಸ್ಟರಿನಿಂದ ಪ್ರತಿಯೊಂದು ತಂತಿಯನ್ನೂ ಮುಟ್ಟಿ ಖಾತ್ರಿಪಡಿಸಿಕೊಳ್ಳಿ. ಒಳಗಿರುವ ಎರಡು ತಂತಿಯ ಸಣ್ಣ ಉರುಳೆಯ ಮೇಲೆ 2.5 ಅಥವಾ 3.15 ಮೈಕ್ರೋಫ್ಯಾರಡ್, 440 ವೋಲ್ಟ್ ಎಂದು ಬರೆದಿರುತ್ತದೆ. ಅದರಲ್ಲಿ ಉಳಿದಿರಬಹುದಾದ ಕರೆಂಟನ್ನು ಹೋಲ್ಡರಿನಲ್ಲಿರುವ ತಂತಿ ಬಲ್ಬಿನ ಎರಡು ತುದಿಗಳಿಗೆ ತಾಗಿಸಿ ಇಳಿಸಿದ ಮೇಲೆಯೇ ಅಳೆಯಬೇಕು. 2.5 ಎಂದು ಬರೆದದ್ದು ಮೀಟರಿನಲ್ಲಿ 2.25ಕ್ಕಿಂತ ಕೆಳಗಿಳಿದಿದ್ದರೆ ಬದಲಿಸಿ. ಎರಡು ತಂತಿಗಳಲ್ಲಿ ಯಾವುದು ಎಲ್ಲಿ ಎಂಬ ಭೇದವಿಲ್ಲ. ಆದರೆ ಗಾಳಿ ಹೆಚ್ಚು ಬರಲೆಂದು ದೊಡ್ಡ ಅಳತೆಯದನ್ನು ಹಾಕಿದರೆ ವೈಂಡಿಂಗ್ (ಮೋಟರಿನೊಳಗಿನ ತಂತಿಯ ಸುರುಳಿ) ಬಿಸಿಯಾಗಿ ಕೆಲವೇ ಸಮಯದಲ್ಲಿ ಸುಡುತ್ತದೆ.

ಏಣಿಯ ಮೇಲಿರುವಾಗಲೇ ಕೊಕ್ಕೆಯ ಬೋಲ್ಟಿನಲ್ಲಿ ಅದು ಜಾರದಂತೆ ತಡೆಯುವ ಕಾಟರ್ ಪಿನ್ ಇದೆಯೇ, ಅದರ ಎರಡು ಕಾಲುಗಳು ಅಗಲಿಸಿ ಬಾಗಿಸಿವೆಯೇ ಎಂದು ನೋಡದೆ ಇಳಿಯಬೇಡಿ. ತುಕ್ಕು ಹಿಡಿದ ಪಿನ್ ಕಂಡರೆ ಅಂದೇ ಬದಲಿಸಿ. ಹೊಸ ಬಿಎಲ್‌ಡಿಸಿ ಫ್ಯಾನುಗಳಿಗೆ ಮೇಲೆ ಹೇಳಿದ ಕೆಪಾಸಿಟರಿನ ಕ್ರಮ ಅನ್ವಯಿಸುವುದಿಲ್ಲ, ಅವುಗಳೊಳಗಿನ ಸರ್ಕ್ಯೂಟ್ ಬೋರ್ಡಿನ ಕೆಲಸ ಬೇರೆಯೇ.

ಇಸ್ತ್ರಿ ಪೆಟ್ಟಿಗೆ

ಇಸ್ತ್ರಿ ಪೆಟ್ಟಿಗೆಯ ಲೆಕ್ಕ ಸರಳ. 230ನ್ನು 230ರಿಂದ ಗುಣಿಸಿ ಬಂದ 52,900ನ್ನು ಪೆಟ್ಟಿಗೆಯ ಮೇಲೆ ಬರೆದ ವಾಟ್‌ನಿಂದ ಭಾಗಿಸಿದರೆ ಅದರ ಎಲಿಮೆಂಟಿನ ಓಮ್ ಸಿಗುತ್ತದೆ. 750 ವಾಟ್‌ನದಾದರೆ ಸುಮಾರು 70, 1000 ವಾಟ್‌ನದಾದರೆ ಸುಮಾರು 53. ಪ್ಲಗ್ ಹೊರಗಿಟ್ಟು, ನಾಬನ್ನು ಹೆಚ್ಚಿನ ಬಿಸಿಗೆ ತಿರುಗಿಸಿ, ಸಣ್ಣ ಪಿನ್ನುಗಳ ನಡುವೆ ಅಳೆದಾಗ ಈ ಸಂಖ್ಯೆ ಬಂದರೆ ಪೆಟ್ಟಿಗೆಯಲ್ಲಿ ದೋಷವಿಲ್ಲ, ಸಾಕೆಟ್ಟನ್ನು ನೋಡಿ. ಏನೂ ಬರದಿದ್ದರೆ ಮೊದಲು ಕೇಬಲ್, ಆಮೇಲೆ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟಿನ ತುದಿಗಳು, ಆಮೇಲೆ ಬಿಸಿ ಮಿತಿಮೀರಿದರೆ ಕಡಿದುಹೋಗುವ ಥರ್ಮಲ್ ಫ್ಯೂಸ್, ಕೊನೆಗೆ ಎಲಿಮೆಂಟ್, ಈ ಕ್ರಮದಲ್ಲಿ ಒಂದೊಂದನ್ನೇ ಅಳೆಯುತ್ತ ಹೋಗಿ. ಥರ್ಮಲ್ ಫ್ಯೂಸ್ ಹೋಗಿದ್ದರೆ ಅದೇ ಉಷ್ಣತೆಯ ಗುರುತಿರುವುದನ್ನೇ ಹಾಕಬೇಕು. ಅದರ ಜಾಗದಲ್ಲಿ ತಂತಿ ಸುತ್ತಿ ಬಿಟ್ಟರೆ ಥರ್ಮೋಸ್ಟಾಟ್ ಅಂಟಿಕೊಂಡ ದಿನ ಮನೆಗೇ ಬೆಂಕಿ. ಒಳಗಿನ ಜೋಡಣೆಗಳಿಗೆ ಬೆಸುಗೆಯೂ ಬೇಡ, ಸಾಮಾನ್ಯ ತವರದ ಬೆಸುಗೆ 183 ಡಿಗ್ರಿಯ ಹೊತ್ತಿಗೇ ಕರಗತೊಡಗುತ್ತದೆ, ಹತ್ತಿ ಬಟ್ಟೆಗೆ ಬೇಕಾದ ಬಿಸಿ ಅದನ್ನು ಮೀರುತ್ತದೆ. ಒತ್ತಿ ಕೂರಿಸುವ ಲೋಹದ ಲಗ್ಗುಗಳನ್ನೇ ಬಳಸಿ.

ಕೊನೆಯದಾಗಿ ದಪ್ಪನೆಯ ಅರ್ತ್ ಪಿನ್ ಮತ್ತು ಎರಡು ಸಣ್ಣ ಪಿನ್ನುಗಳ ನಡುವೆ ಒಂದೊಂದಾಗಿ ಅಳೆಯಿರಿ. ಅಲ್ಲಿ ಯಾವ ಸಂಖ್ಯೆಯೂ ಬರಬಾರದು. ಬಂದರೆ, ಪೆಟ್ಟಿಗೆ ಚೆನ್ನಾಗಿ ಬಿಸಿಯಾಗುತ್ತಿದ್ದರೂ ಅದನ್ನು ಮನೆಯವರ ಕೈಗೆ ಕೊಡಬೇಡಿ. ಅರ್ತ್ ಪಿನ್ನಿನಿಂದ ಲೋಹದ ತಳಕ್ಕೆ ಅಳೆದಾಗ ಮಾತ್ರ ಹೆಚ್ಚುಕಡಿಮೆ ಸೊನ್ನೆ ಬರಲೇಬೇಕು.

ಬಿಚ್ಚಬಾರದವು

ಮೈಕ್ರೋವೇವ್ ಒವನನ್ನು ಮುಟ್ಟಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು. ಫ್ರಿಜ್ಜಿನ ಗ್ಯಾಸ್ ಕೊಳವೆಗಳು, ಅಡುಗೆ ಗ್ಯಾಸಿನ ರೆಗ್ಯುಲೇಟರ್ ಮತ್ತು ಉಬ್ಬಿದ ಬ್ಯಾಟರಿಗಳೂ ಮನೆಯ ಕೆಲಸವಲ್ಲ. ಕುಕ್ಕರಿನ ಸೇಫ್ಟಿ ವಾಲ್ವ್ ಕರಗಿ ಹೋದಾಗ ಆ ತೂತಿಗೆ ಬೋಲ್ಟ್ ಬಿಗಿದು ಬಳಸುವವರನ್ನು ಕಂಡಿದ್ದೇನೆ, ಅದು ಅಡುಗೆಮನೆಯಲ್ಲಿ ಬಾಂಬ್ ಇಟ್ಟಂತೆ. ಅದೇ ಕಂಪನಿಯ, ಅದೇ ಮಾದರಿಯ ವಾಲ್ವ್ ಮಾತ್ರ ಹಾಕಬೇಕು.

ಬಿಡಿಭಾಗ ತರುವಾಗ

ಕೆಪಾಸಿಟರ್, ಕೇಬಲ್, ಸ್ವಿಚ್ಚುಗಳಿಗೆ ಕ್ರಾಫರ್ಡ್ ಮಾರ್ಕೆಟಿನ ಹತ್ತಿರದ ಲೋಹಾರ್ ಚಾಳ್, ಮಲ್ಟಿಮೀಟರ್ ಮತ್ತು ಎಲೆಕ್ಟ್ರಾನಿಕ್ ಭಾಗಗಳಿಗೆ ಗ್ರಾಂಟ್ ರೋಡಿನ ಲ್ಯಾಮಿಂಗ್ಟನ್ ರೋಡ್, ಕೈಸಲಕರಣೆಗಳಿಗೆ ಮಸ್ಜಿದ್ ಸ್ಟೇಷನ್ನಿಗೆ ಹತ್ತಿರದ ನಾಗದೇವಿ ಸ್ಟ್ರೀಟ್. ಅಲ್ಲಿ ಹೆಚ್ಚಿನ ಅಂಗಡಿಗಳು ಭಾನುವಾರ ಮುಚ್ಚಿರುವುದರಿಂದ ಉಪನಗರದವರು ಶನಿವಾರ ಹೋಗುವುದು ಒಳ್ಳೆಯದು. ಬಾಯಲ್ಲಿ ಅಳತೆ ಹೇಳಿ ಬ್ರಷ್ ತಂದರೆ ಹತ್ತರಲ್ಲಿ ಐದು ಸಲ ಗೂಡಿಗೆ ಹೊಂದುವುದಿಲ್ಲ. ಹಳೆಯ ಬ್ರಷ್, ಹಳೆಯ ಕಪ್ಲರ್, ಹಳೆಯ ಕೆಪಾಸಿಟರನ್ನು ಸಣ್ಣ ಡಬ್ಬಿಯಲ್ಲಿ ಹಾಕಿಕೊಂಡು, ಯಂತ್ರದ ತಳದ ಲೇಬಲ್ಲಿನ ಫೋಟೋ ಮೊಬೈಲಿನಲ್ಲಿಟ್ಟುಕೊಂಡು ಹೋಗಿ. ಹೊಸದನ್ನು ಅಂಗಡಿಯ ಕಟ್ಟೆಯ ಮೇಲೆಯೇ ಹಳೆಯದರ ಪಕ್ಕದಲ್ಲಿಟ್ಟು ಉದ್ದ, ಅಗಲ, ದಪ್ಪ ಮೂರನ್ನೂ ಹೋಲಿಸಿ ನೋಡಿದ ಮೇಲೆ ಹಣ ಕೊಡಿ. ಬ್ರಷ್ಷುಗಳನ್ನು ಎರಡು ಜೋಡಿ ತನ್ನಿ. ಎರಡನೆಯ ಜೋಡಿಯನ್ನು ದಿನಾಂಕ ಬರೆದ ಪೊಟ್ಟಣದಲ್ಲಿ ಹಾಕಿ, ಮಿಕ್ಸರಿನ ತಳದ ಒಳಬದಿಯಲ್ಲಲ್ಲ, ಅದರ ಬಿಲ್ಲು ಇರುವ ಕಡತದಲ್ಲಿ ಇಟ್ಟುಕೊಳ್ಳಿ.